ಶಟ್‌ಡೌನ್ ಮಾಡಿದರೂ ಕಂಪ್ಯೂಟರಿನ ಹೆಸರು ಬದಲಾಗಲಿಲ್ಲ, ಯಾಕೆ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದೊಂದು ರೈಸ್ ಮಿಲ್ ಇದೆ. ಆಫೀಸಿನ ಕಂಪ್ಯೂಟರ್ ವಿಂಡೋಸ್ 10. ಅಕ್ಷರ ದೊಡ್ಡದಾಗಿ ಕಾಣಲಿ ಅಂತ ಸ್ಕೇಲಿಂಗ್ 125 ಪರ್ಸೆಂಟ್ ಮಾಡಿದೆ. ವೇಬ್ರಿಜ್ ಕೋಣೆಯ ಕಂಪ್ಯೂಟರಿನಲ್ಲಿ ಸುಲಭವಾಗಿ ಗುರುತು ಸಿಗಲಿ ಅಂತ ಇದರ ಹೆಸರನ್ನೂ ಬದಲಿಸಿದೆ. ತಕ್ಷಣ ಬಿಲ್ಲಿಂಗ್ ಸಾಫ್ಟ್‌ವೇರಿನ ಅಕ್ಷರ ಮಸುಕಾಯಿತು. ರಾತ್ರಿ ಶಟ್‌ಡೌನ್ ಮಾಡಿ, ಮೇನ್ ಸ್ವಿಚ್ಚೂ ಆಫ್ ಮಾಡಿ ಹೋದೆ. ಬೆಳಿಗ್ಗೆ ಅಕ್ಷರ ಸರಿಯಾಗಿತ್ತು, ಹೆಸರು ಮಾತ್ರ ಹಳೇದೇ! ಏನಿದು ಸರ್?

ಉತ್ತರ: ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ಅದು ರಾತ್ರಿ ಪೂರ್ತಿ ಬಂದ್ ಆಗಿರಲಿಲ್ಲ, ಅಷ್ಟೇ.

ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಏರ್ಪಾಡಿದೆ. ಶಟ್‌ಡೌನ್ ಒತ್ತಿದಾಗ ನೀವು ತೆರೆದ ಪ್ರೋಗ್ರಾಂಗಳು ಮುಚ್ಚುತ್ತವೆ, ನಿಮ್ಮ ಲಾಗಿನ್ನೂ ಮುಗಿಯುತ್ತದೆ. ಆದರೆ ವಿಂಡೋಸ್‌ನ ಒಳಗಿನ ತಿರುಳು, ಅಂದರೆ ಕರ್ನಲ್, ಇದ್ದ ಸ್ಥಿತಿಯಲ್ಲೇ ಡಿಸ್ಕಿನಲ್ಲಿ ಸೇವ್ ಆಗುತ್ತದೆ. ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬರುತ್ತದೆ. ಸೇವ್ ಆಗಿದ್ದು ಡಿಸ್ಕಿನಲ್ಲಿ, ಹಾಗಾಗಿ ಮೇನ್ ಸ್ವಿಚ್ ಆಫ್ ಮಾಡಿದರೂ ವ್ಯತ್ಯಾಸ ಇಲ್ಲ.

ಈಗ ನಿಮ್ಮ ಎರಡು ಬದಲಾವಣೆ ನೋಡಿ. ಹಳೆಯ ಸಾಫ್ಟ್‌ವೇರ್‌ಗಳಿಗೆ ಹೊಸ ಸ್ಕೇಲಿಂಗ್ ಸರಿಯಾಗಿ ಕೂರಬೇಕಾದರೆ ಒಮ್ಮೆ ಸೈನ್ ಔಟ್ ಆಗಿ ಮತ್ತೆ ಒಳಗೆ ಬರಬೇಕು. ಶಟ್‌ಡೌನ್‌ನಲ್ಲಿ ಆ ಕೆಲಸ ತಾನಾಗಿಯೇ ಆಯಿತು. ಕಂಪ್ಯೂಟರಿನ ಹೆಸರನ್ನು ವಿಂಡೋಸ್ ಓದುವುದು ಹೊಸದಾಗಿ ಬೂಟ್ ಆಗುವಾಗ. ಅದು ಆಗಲೇ ಇಲ್ಲ, ಅಲ್ವಾ? ವಾಲ್‌ಪೇಪರ್, ಮೌಸ್ ವೇಗದಂಥವಕ್ಕೆ ಇದ್ಯಾವ ಗೋಜೂ ಇಲ್ಲ, ಬದಲಿಸಿದ ಕೂಡಲೇ ಜಾರಿ.

ರೀಸ್ಟಾರ್ಟ್ ಒತ್ತಿ, ಸಾಕು. ಅದು ಪ್ರತಿ ಸಲ ಪೂರ್ತಿ ಹೊಸದಾಗಿ ಶುರು ಮಾಡುತ್ತದೆ. ಶಟ್‌ಡೌನೇ ಮಾಡಬೇಕಿದ್ದರೆ ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಕ್ಲಿಕ್ ಮಾಡಿ. ಅನುಮಾನ ಬಂದರೆ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ತೆರೆದು 'ಅಪ್ ಟೈಮ್' ನೋಡಿ, ಕೊನೆಯ ಸಲ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಅಂತ ಅದು ಹೇಳುತ್ತದೆ. ದಿನಾ ಬಂದ್ ಮಾಡುವ ಕಂಪ್ಯೂಟರೂ ಅಲ್ಲಿ ಎಷ್ಟೋ ದಿನಗಳ ಲೆಕ್ಕ ತೋರಿಸುತ್ತದೆ! ಕರೆಂಟ್ ಹೋಗಿ ದಢಕ್ಕನೆ ನಿಂತರೂ ಮುಂದಿನ ಸಲ ಹೊಸದಾಗಿಯೇ ಶುರುವಾಗುತ್ತದೆ, ನಿಜ. ಆದರೆ ಬೇಕಂತಲೇ ಹಾಗೆ ಮಾಡಬೇಡಿ, ಬಿಲ್ಲಿಂಗ್ ಫೈಲ್ ಕೆಟ್ಟೀತು.

ಎಸ್‌ಎಸ್‌ಡಿ, ಅಂದರೆ ವೇಗದ ಡಿಸ್ಕ್, ಇದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದ ಉಳಿಯುವುದು ಕೆಲವೇ ಸೆಕೆಂಡು. ನಾನಾದರೆ ತೆಗೆದುಬಿಡುತ್ತೇನೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂದು ಕೇಳುವ ಪುಟದಲ್ಲೇ ಅದರ ಟಿಕ್ ಇದೆ.

ಇನ್ನೊಂದು ಮಾತು. ಹೆಸರು ಬದಲಾದ ಮೇಲೆ ವೇಬ್ರಿಜ್ ಕೋಣೆಯ ಕಂಪ್ಯೂಟರ್ ಹಳೆ ಹೆಸರಿನಲ್ಲೇ ಫೋಲ್ಡರ್, ಪ್ರಿಂಟರ್ ಹುಡುಕುತ್ತಿರುತ್ತದೆ. ಅಲ್ಲಿ ಅವನ್ನು ಹೊಸ ಹೆಸರಿನಲ್ಲಿ ಮತ್ತೆ ಸೇರಿಸಬೇಕಾಗುತ್ತದೆ. ಲಾರಿಗಳು ಸಾಲುಗಟ್ಟುವ ಮೊದಲೇ ಮುಗಿಸಿಕೊಳ್ಳಿ.