ಇಂಗ್ಲಿಷಿನ ‘ಗೋ, ವೆಂಟ್, ಗಾನ್’ ಪಟ್ಟಿ ಬಾಯಿಪಾಠವಿದೆ, ಮಾತಾಡುವಾಗ ಮಾತ್ರ ತಪ್ಪುತ್ತದೆ. ಏನು ಮಾಡಲಿ?

ಇನ್ನೂರು ಕ್ರಿಯಾಪದಗಳ ಮೂರೂ ರೂಪಗಳನ್ನು ಅಕ್ಷರಾನುಕ್ರಮದಲ್ಲಿ ಬಾಯಿಪಾಠ ಮಾಡಿದ್ದರೂ ಸಂದರ್ಶನದಲ್ಲಿ ‘ಐ ಡಿಡ್ ನಾಟ್ ವೆಂಟ್’ ಎಂದುಬಿಟ್ಟೆ, ಇನ್ನು ಯಾವ ಪಟ್ಟಿ ಓದಲಿ ಎಂದು ಕೇಳಿದ್ದೀರಿ. ಹೊಸ ಪಟ್ಟಿ ಬೇಡ ಎಂಬುದೇ ನನ್ನ ಸಲಹೆ. ನಾನು ಐದನೆಯ ತರಗತಿಯಲ್ಲಿ ಎಬಿಸಿಡಿ ಕಲಿತು, ಮುಂದೆ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿದವನು. ಏಳೆಂಟಲ ಎಷ್ಟು ಎಂದು ಕೇಳಿದರೆ ‘ಏಳೊಂದ್ಲ ಏಳು’ ಎಂದು ಮೊದಲಿನಿಂದ ಶುರುಮಾಡುವ ಹುಡುಗನಂತೆ, ಪಟ್ಟಿಯನ್ನು ರಾಗವಾಗಿ ಒಪ್ಪಿಸಿ ಕಲಿತವರಿಗೆ ‘ಗಾನ್’ ಬೇಕಾದಾಗಲೂ ‘ಗೋ’ ಇಂದಲೇ ಹೊರಡಬೇಕಾಗುತ್ತದೆ; ಮಾತಿನ ನಡುವೆ ಅಷ್ಟು ಪುರುಸೊತ್ತು ಸಿಗುವುದಿಲ್ಲ.

ಆದರೆ ನಿಮ್ಮ ತಪ್ಪು ರೂಪ ಮರೆತದ್ದರಿಂದ ಆದದ್ದಲ್ಲ; ‘ವೆಂಟ್’ ನಿಮಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಕೂರಿಸಿದ ಜಾಗ ಸರಿಯಿರಲಿಲ್ಲ. ‘ಹೋದೆ’ ಎನ್ನುವ ನಾವು ಅದನ್ನು ಅಲ್ಲಗಳೆಯುವಾಗ ‘ಹೋಗಲಿಲ್ಲ’ ಎನ್ನುತ್ತೇವೆಯೇ ಹೊರತು ‘ಹೋದಲಿಲ್ಲ’ ಎನ್ನುವುದಿಲ್ಲ. ನಡೆದುಹೋದ ಕಾಲವನ್ನು ಸೂಚಿಸುವ ಕೆಲಸವನ್ನು ‘ಲಿಲ್ಲ’ ವಹಿಸಿಕೊಂಡ ಮೇಲೆ ‘ಹೋದ’ ಎಂಬ ರೂಪಕ್ಕೆ ಅಲ್ಲಿ ಕೆಲಸವಿಲ್ಲ. ಇಂಗ್ಲಿಷಿನಲ್ಲಿ ಅದೇ ಕೆಲಸವನ್ನು ‘ಡಿಡ್’ ಮಾಡುತ್ತದೆ, ಆದ್ದರಿಂದ ‘ಡಿಡ್ ನಾಟ್ ಗೋ’. ಪ್ರಶ್ನೆ ಕೇಳುವಾಗ ಮಾತ್ರ ಕನ್ನಡ ನಮ್ಮ ನೆರವಿಗೆ ಬರುವುದಿಲ್ಲ: ನಾವು ‘ಹೋದೆಯಾ?’ ಎಂದು ಭೂತರೂಪವನ್ನೇ ಉಳಿಸಿಕೊಳ್ಳುತ್ತೇವೆ, ಇಂಗ್ಲಿಷಿನವರು ‘ಡಿಡ್ ಯೂ ಗೋ?’ ಎನ್ನುತ್ತಾರೆ. ನನ್ನ ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುತ್ತಿದ್ದದ್ದು ಇಲ್ಲಿಯೇ.

ಮೂರನೆಯ ರೂಪವೂ ನಮಗೆ ಹೊಸದಲ್ಲ. ಹೋಗು, ಹೋದೆ, ಹೋಗಿ ಎಂದು ಹೇಳಿಕೊಂಡು ನೋಡಿ. ‘ಹೋಗಿದ್ದೇನೆ’, ‘ಹೋಗಿಲ್ಲ’ ಎನ್ನುವಲ್ಲಿ ‘ಹೋಗಿ’ ಮಾಡುವ ಕೆಲಸವನ್ನೇ ‘ಹ್ಯಾವ್ ಗಾನ್’, ‘ಹ್ಯಾವ್ ನಾಟ್ ಗಾನ್’ ಎನ್ನುವಲ್ಲಿ ‘ಗಾನ್’ ಮಾಡುತ್ತದೆ. ಹಾಗೆಂದು ಈ ಹೋಲಿಕೆಯನ್ನು ಕುರುಡಾಗಿ ನಂಬಬೇಡಿ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬ ಸಹಜವಾದ ಕನ್ನಡವನ್ನು ಹಾಗೆಯೇ ಸಾಗಿಸಿ ‘ಐ ಹ್ಯಾಡ್ ಗಾನ್’ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಅಲ್ಲಿ ಬೇಕಾದದ್ದು ಬರಿಯ ‘ವೆಂಟ್’.

ಇನ್ನು ನೆನಪಿನ ವಿಚಾರ. ಅಕ್ಷರಾನುಕ್ರಮವನ್ನು ಬಿಟ್ಟು ಕಿವಿಯನ್ನು ನಂಬಿ. ‘ಸಿಂಗ್, ಸ್ಯಾಂಗ್, ಸಂಗ್’ ಜೊತೆಗೆ ‘ರಿಂಗ್’, ‘ಡ್ರಿಂಕ್’, ‘ಸ್ವಿಮ್’ಗಳನ್ನು ಕೂರಿಸಿ (‘ಬ್ರಿಂಗ್’ ಈ ಪಂಕ್ತಿಯದಲ್ಲ, ಅದು ‘ಬಾಟ್’, ‘ಥಾಟ್’ಗಳ ಜೊತೆ ‘ಬ್ರಾಟ್’ ಆಗಿ ಕೂರುತ್ತದೆ). ‘ಕೀಪ್, ಕೆಪ್ಟ್’, ‘ಸ್ಲೀಪ್, ಸ್ಲೆಪ್ಟ್’, ‘ಫೀಲ್, ಫೆಲ್ಟ್’ ಗುಂಪಿನಲ್ಲಿ ದೀರ್ಘಸ್ವರ ಹ್ರಸ್ವವಾಗುವುದು ಬೀಳು ಬಿದ್ದ, ಏಳು ಎದ್ದ, ಕೀಳು ಕಿತ್ತ ಎನ್ನುವವರ ಕಿವಿಗೆ ವಿಚಿತ್ರವೆನಿಸಬಾರದು. ‘ಕಟ್’, ‘ಪುಟ್’, ‘ಹಿಟ್’, ‘ಹರ್ಟ್’, ‘ಸ್ಪ್ರೆಡ್’ ಹೀಗೆ ಮೂರೂ ರೂಪ ಒಂದೇ ಆಗಿರುವವುಗಳೆಲ್ಲ ‘ಟ’ ಅಥವಾ ‘ಡ’ ಧ್ವನಿಯಲ್ಲಿ ಮುಗಿಯುತ್ತವೆ ಎಂದು ಗಮನಿಸಿದರೆ ‘ಪುಟೆಡ್’ ಎನ್ನುವ ಮುನ್ನ ನಾಲಿಗೆ ತಾನಾಗಿ ತಡೆಯುತ್ತದೆ.

ಇನ್ನೂರನ್ನೂ ಒಂದೇ ಶ್ರದ್ಧೆಯಿಂದ ಕಲಿಯಬೇಕಾಗಿಲ್ಲ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ಹಳೆಯ ಇಂಗ್ಲಿಷಿನ 177 ಅನಿಯಮಿತ (ಭೂತಕಾಲಕ್ಕೆ ‘ಎಡ್’ ಹಚ್ಚಿಕೊಳ್ಳದ) ಕ್ರಿಯಾಪದಗಳನ್ನು ಹಿಂಬಾಲಿಸಿ, ಈಗ 98 ಮಾತ್ರ ಹಾಗೆಯೇ ಉಳಿದಿವೆ ಎಂದು ತೋರಿಸಿತು. ಬಳಕೆ ಕಡಿಮೆಯಾದಷ್ಟೂ ಬೇಗ ‘ಎಡ್’ ಅಂಟಿಕೊಂಡಿದೆ. ‘ಹೆಲ್ಪ್’ ಕೂಡ ಒಂದು ಕಾಲಕ್ಕೆ ‘ಹೋಲ್ಪ್’ ಆಗುತ್ತಿತ್ತು. ನಿತ್ಯ ನಾಲಿಗೆಯ ಮೇಲಿರುವ ‘ಗೋ’, ‘ಸೇ’, ‘ಗೆಟ್’, ‘ಟೇಕ್’, ‘ಸೀ’ಗಳು ಬಗ್ಗಿಲ್ಲ. ಹಾಗಾಗಿ ಹೆಚ್ಚು ಬಳಕೆಯ ಐವತ್ತರಿಂದ ಆರಂಭಿಸಿ. ಹೊಡೆ ಎಂಬ ಅರ್ಥದ ಅಪರೂಪದ ‘ಸ್ಮೈಟ್, ಸ್ಮೋಟ್’ ಕಲಿಯದಿದ್ದರೆ ನಿಮ್ಮ ಕೆಲಸವೇನೂ ಕೆಡುವುದಿಲ್ಲ.

ಕಲಿಯುವಾಗ ಒಂಟಿ ಪದವನ್ನು ಒಪ್ಪಿಸದೆ, ದಿನಕ್ಕೆ ಒಂದೇ ಕ್ರಿಯಾಪದವನ್ನು ಹಿಡಿದು, ನಿಮ್ಮದೇ ದಿನಚರಿಯಿಂದ ನಾಲ್ಕು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ: ಬಸ್ಸು ಬಂತು, ಬರಲಿಲ್ಲ, ಬಂತೇ, ಬಂದಿದೆ. ‘ದ ಬಸ್ ಕೇಮ್’, ‘ದ ಬಸ್ ಡಿಡ್ ನಾಟ್ ಕಮ್’, ‘ಡಿಡ್ ದ ಬಸ್ ಕಮ್?’, ‘ದ ಬಸ್ ಹ್ಯಾಸ್ ಕಮ್’. ನಾಳೆ ‘ಸೀ’ ಹಿಡಿಯಿರಿ.