ಗುಳೆ ಹೋದವರು ತಮ್ಮ ಭಾಷೆಯ ರೇಡಿಯೊ ಕೇಳುತ್ತಾರಾ?

ನೀವು ಕೇಳಿದ್ದು ಎರಡು ಪ್ರಶ್ನೆ. ಪರದೇಶಗಳಲ್ಲಿ ವಲಸೆ ಬಂದವರಿಗೆಂದೇ ಅವರವರ ಭಾಷೆಯಲ್ಲಿ ನಡೆಸುವ ರೇಡಿಯೊವನ್ನು ನಿಜವಾಗಿ ಎಷ್ಟು ಜನ ಕೇಳುತ್ತಾರೆ? ಕಲಬುರಗಿ, ಯಾದಗಿರಿ ಕಡೆಯಿಂದ ಪುಣೆ, ಮುಂಬೈಗೆ ದುಡಿಯಲು ಹೋದವರಿಗೆ ಅಂಥದ್ದೊಂದು ಶುರು ಮಾಡಿದರೆ ಕೇಳುತ್ತಾರಾ?

ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಕೇಳುತ್ತಾರೆ. ನಾನು ಚಿತ್ತಾಪುರ ತಾಲ್ಲೂಕಿನವನು. ಹುಡುಗನಾಗಿದ್ದಾಗ ಅಪ್ಪ, ಅವ್ವನ ಜೊತೆ ಎರಡು ಸಲ ಪುಣೆಗೆ ಗುಳೆ ಹೋಗಿದ್ದೆ. ಅಪ್ಪನದು ಸೆಂಟ್ರಿಂಗ್ ಕೆಲಸ. ಪತ್ರಾ ಶೆಡ್ಡುಗಳ ಒಂದು ಸಾಲು, ಇಡೀ ಸಾಲಿಗೆ ಒಂದೇ ಟ್ರಾನ್ಸಿಸ್ಟರ್. ಅದು ನಮ್ಮ ಕಾಕಾನದು. ಕಲಬುರಗಿ ಆಕಾಶವಾಣಿ ಶುರುವಾಗಿದ್ದು 1966ರಲ್ಲಿ. ಮೀಡಿಯಂ ವೇವ್, 1107 ಕಿಲೋಹರ್ಟ್ಸ್. ಹಗಲಲ್ಲಿ ಪುಣೆಯಲ್ಲಿ ಬರೀ ಗೊರಗೊರ. ಕತ್ತಲಾದ ಮೇಲೆ ದನಿ ತೇಲಿ ಬರುತ್ತಿತ್ತು. ಹಗಲಲ್ಲಿ ಆ ಅಲೆಗಳನ್ನು ಹೀರಿಬಿಡುವ ಆಕಾಶದ ಪದರವೊಂದು ರಾತ್ರಿ ಇಲ್ಲವಾಗುತ್ತದೆ, ಆಗ ಅವು ಇನ್ನೂ ಮೇಲಕ್ಕೆ ಹೋಗಿ ಬಡಿದು ದೂರದಲ್ಲಿ ಇಳಿಯುತ್ತವೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಕಾಕಾ ಸೆಟ್ಟನ್ನು ಜೋಳದ ಹಿಟ್ಟಿನ ಡಬ್ಬಿಯ ಮೇಲಿಟ್ಟು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದ. ಒಂದು ಮೂಲೆಗೆ ಮುಖ ಮಾಡಿದಾಗ ದನಿ ನೆಟ್ಟಗಾಗುತ್ತಿತ್ತು. ಆಮೇಲೆ ಯಾರೂ ಅದನ್ನು ಮುಟ್ಟುವಂತಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನೂ ನಿಲ್ಲಿಸುತ್ತಿದ್ದಳು. ತೊಗರಿ ದರ ಹೇಳುವ ಹೊತ್ತಿಗೆ ಅಕ್ಕಪಕ್ಕದ ಶೆಡ್ಡಿನವರೆಲ್ಲ ಬಾಗಿಲಲ್ಲಿ. ಊರಲ್ಲಿ ನಾಲ್ಕು ಚೀಲ ಬಿಟ್ಟು ಬಂದವರು ಅವರು. ಮಾರಿ ಅನ್ನಬೇಕಾ, ತಡೀರಿ ಅನ್ನಬೇಕಾ ಅಂತ ಅಲ್ಲೇ ಮಾತು ನಡೆಯುತ್ತಿತ್ತು.

ಆಗ ಯಾರಾದರೂ ಲೆಕ್ಕ ಬರೆಯಲು ಬಂದು 'ಮನೇಲಿ ರೇಡಿಯೊ ಇದೆಯಾ' ಅಂತ ಕೇಳಿದ್ದರೆ, ಒಂದು ಶೆಡ್ಡು ಬಿಟ್ಟು ಉಳಿದವರೆಲ್ಲ ಇಲ್ಲ ಅನ್ನುತ್ತಿದ್ದರು. ಆದರೆ ರೇಡಿಯೊ ಕೇಳುತ್ತಿದ್ದವರು ಮೂವತ್ತು ಜನ. ಪರದೇಶದ ಲೆಕ್ಕವೂ ಹೀಗೇ ಜಾರುತ್ತದೆ. ಬ್ರಿಟನ್ನಿನಲ್ಲಿ ಆರಿಸಿದ ಕೆಲವರಿಗೆ ಡೈರಿ ಕೊಟ್ಟು, ಒಂದು ವಾರ ಏನೇನು ಕೇಳಿದಿರಿ ಅಂತ ಬರೆಸುತ್ತಾರೆ. ದೊಡ್ಡ ಸ್ಟೇಷನ್ನುಗಳಿಗೆ ಅದು ಸರಿ. ಆದರೆ ಊರಿಗೆ ನೂರಿನ್ನೂರು ಮನೆ ಇರುವ ಒಂದು ಭಾಷೆಯವರು ಆ ಆಯ್ಕೆಯಲ್ಲಿ ಸಿಗುವುದೇ ಕಷ್ಟ, ಅಲ್ವಾ? ಹಾಗಾಗಿ ಇಂಥ ರೇಡಿಯೊ ಬಗ್ಗೆ ಸಣ್ಣ ಅಂಕಿ ಕಂಡರೆ ಅದನ್ನೇ ಪೂರ್ತಿ ನಂಬಬೇಡಿ.

ಆಸ್ಟ್ರೇಲಿಯಾದ ಕಥೆ ನನಗೆ ತುಂಬಾ ಹಿಡಿಸಿದ್ದು. 1975ರಲ್ಲಿ ಅಲ್ಲಿನ ಸರ್ಕಾರ ಮೆಡಿಬ್ಯಾಂಕ್ ಎಂಬ ಆರೋಗ್ಯ ಯೋಜನೆ ತಂದಿತು. ಇಂಗ್ಲಿಷ್ ಬಾರದ ವಲಸಿಗರಿಗೆ ಅದನ್ನು ತಿಳಿಸುವುದು ಹೇಗೆ? ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಅವರವರ ಭಾಷೆಯಲ್ಲಿ ಎರಡು ಸ್ಟೇಷನ್ ತೆರೆದರು, ಅದೂ ಸ್ವಲ್ಪ ದಿನದ ಪ್ರಯೋಗ ಅಂತ. ಅದೇ ಬೆಳೆದು ಎಸ್‌ಬಿಎಸ್ ರೇಡಿಯೊ ಆಯಿತು. ಈಗ ಅದು 60ಕ್ಕೂ ಜಾಸ್ತಿ ಭಾಷೆಗಳಲ್ಲಿದೆ, ಕನ್ನಡವೂ ಇದೆ. ಅದು ಶುರುವಾಗಿದ್ದೇ ಜನಕ್ಕೆ ಬೇಕಾದ ಮಾತು ಹೇಳಲು. ಬರೀ ಹಾಡು ಹಾಕಿದ್ದರೆ ಇಷ್ಟು ದಿನ ನಿಲ್ಲುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ನಮ್ಮವರ ಕಷ್ಟ ಬೇರೆ. ಸಿಡ್ನಿಗೆ ಹೋದವರು ಅಲ್ಲೇ ಮನೆ ಮಾಡಿದರು. ನಮ್ಮವರು ದೀಪಾವಳಿ ಕಳೆದ ಮೇಲೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಮಳೆಗಾಲಕ್ಕೆ ವಾಪಸ್ ಬರುತ್ತಾರೆ. ಒಂದು ಬಿಲ್ಡಿಂಗ್ ಮುಗಿದರೆ ಶೆಡ್ಡೂ ಕಿತ್ತು ಹೋಗುತ್ತದೆ. ಇಂಥವರ ಹೆಸರಲ್ಲಿ ಜಾಹೀರಾತು ಕೊಡುವವರು ಯಾರು? ಆದ್ದರಿಂದ ಟವರ್ ನಂಬಿಕೊಂಡು ಸ್ಟೇಷನ್ ಮಾಡಬೇಡಿ, ಮೊಬೈಲಿನಲ್ಲಿ ಮಾಡಿ. ಫೋನ್ ಅವರ ಜೊತೆಗೇ ಓಡಾಡುತ್ತದೆ.

ರಾತ್ರಿ ಎಂಟೂವರೆ ಮೇಲೆ ಇಡಿ, ರೊಟ್ಟಿ ಆಗಿರುತ್ತದೆ. ಅರ್ಧ ಗಂಟೆ ಸಾಕು. ನಮ್ಮ ಕಲಬುರಗಿ ಮಾತಲ್ಲೇ ಇರಲಿ, ತಾಂಡಾದವರು ಬಹಳ ಜನ ಇರುವುದರಿಂದ ಲಂಬಾಣಿಯೂ ಇರಲಿ. ಕೆಲಸಕ್ಕೆ ಕರೆದೊಯ್ದ ಮುಕಾದಮ ಕೂಲಿ ತಡೆದರೆ ಯಾರನ್ನು ಕೇಳಬೇಕು, ಮಗುವನ್ನು ಅಲ್ಲಿ ಶಾಲೆಗೆ ಸೇರಿಸುವುದು ಹೇಗೆ, ಊರಲ್ಲಿ ಮಳೆ ಆಯಿತಾ, ಇವನ್ನು ಹೇಳಿ. ತೊಗರಿ ದರ ಮಾತ್ರ ಒಂದು ದಿನವೂ ಬಿಡಬೇಡಿ.