ನೆಲಮಂಗಲದಲ್ಲಿ ದಾರಿ ಬದಲಿಸಿದ 48

ಪ್ರಶ್ನೆ: ಅಪ್ಪ 1998ರಲ್ಲಿ ಕೊಂಡಿದ್ದ ರಸ್ತೆ ನಕ್ಷೆಯಲ್ಲಿ ನೆಲಮಂಗಲದಿಂದ ಹಾಸನ, ಮಂಗಳೂರಿಗೆ ಹೋಗುವ ಹೆದ್ದಾರಿಗೆ 48 ಎಂದು ಬರೆದಿದೆ. ಮೊನ್ನೆ ಅದೇ ನೆಲಮಂಗಲದಲ್ಲಿ ತುಮಕೂರು ರಸ್ತೆಯ ಬೋರ್ಡಿನ ಮೇಲೆ 48 ಕಂಡೆ. ನಕ್ಷೆ ತಪ್ಪೋ, ಬೋರ್ಡು ತಪ್ಪೋ?
– ಓದುಗರೊಬ್ಬರು, ಹಾಸನ

ಉತ್ತರ: ಎರಡೂ ಸರಿಯೇ. ಈ 48 ನನಗೂ ಒಮ್ಮೆ ಟೋಪಿ ಹಾಕಿದೆ.

ಯಶವಂತಪುರದ ಲಾರಿ ಬುಕಿಂಗ್ ಆಫೀಸೊಂದರಲ್ಲಿ ಇಪ್ಪತ್ತಾರು ವರ್ಷ ಬಿಲ್ಟಿ, ಅಂದರೆ ಸರಕಿನ ರಸೀದಿ, ಬರೆದವನು ನಾನು. 2014ರ ಸುಮಾರಿಗೆ ಸೇಲಂ ಕಡೆಯ ಹೊಸ ಡ್ರೈವರ್ ಒಬ್ಬನಿಗೆ ಮಂಗಳೂರಿನ ಆಲೂಗಡ್ಡೆ ಲೋಡು ಕೊಟ್ಟು, ಕನ್ನಡ ಓದಲು ಬಾರದವನು ಎಂದು ಚೀಟಿಯ ಹಿಂದೆ ದೊಡ್ಡದಾಗಿ ‘48’ ಎಂದು ಬರೆದುಕೊಟ್ಟೆ. ನನ್ನ ಕೈಗೆ ಅದು ಅಭ್ಯಾಸ. ಮಂಗಳೂರು ಎಂದರೆ 48. ಬೆಳಗಿನ ಜಾವ ಫೋನು ಬಂತು. “ಸಾರ್, 48 ಬೋರ್ಡು ಬಿಡದೆ ಹಿಡಿದುಕೊಂಡು ಬಂದಿದ್ದೇನೆ, ಆದರೆ ಹಾಸನ ಅಂತ ಎಲ್ಲೂ ಇಲ್ಲ” ಎಂದ. ಎಲ್ಲಿದ್ದೀಯ ಎಂದರೆ, ಕ್ಯಾತ್ಸಂದ್ರ! ತಟ್ಟೆ ಇಡ್ಲಿ ತಿಂದು, ಕೈ ತೊಳೆದು ಆಮೇಲೆ ಫೋನು ಮಾಡಿದ್ದಾನೆ. ಪುಣ್ಯಕ್ಕೆ ತುಮಕೂರಿನಿಂದ ಕುಣಿಗಲ್‌ಗೆ ಅಡ್ಡದಾರಿ ಇದೆ. ಹಿಂದಕ್ಕೆ ಬರಬೇಡ, ಕುಣಿಗಲ್ ರಸ್ತೆ ಹಿಡಿದು ಹಾಸನದ ಹೆದ್ದಾರಿಗೆ ಕೂಡಿಕೋ ಎಂದೆ. ಹೆಚ್ಚಿಗೆ ಸುಟ್ಟ ಡೀಸೆಲ್ಲಿನ ದುಡ್ಡನ್ನು ಸಾಹುಕಾರರು ನನ್ನ ಸಂಬಳದಲ್ಲೇ ಹಿಡಿದರು. ತಪ್ಪು ನನ್ನದೇ, ಮಾತಾಡುವ ಹಾಗಿರಲಿಲ್ಲ.

ಆಗಿದ್ದು ಇಷ್ಟು. 2010ರಲ್ಲಿ ಕೇಂದ್ರ ಸರ್ಕಾರ ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸದಾಗಿ ಸಂಖ್ಯೆ ಹಾಕಿತು. ಹಳೆಯ ಪದ್ಧತಿಯಲ್ಲಿ ಸಂಖ್ಯೆಗೂ ನಕ್ಷೆಗೂ ಹೆಚ್ಚು ಸಂಬಂಧವಿರಲಿಲ್ಲ. 206 ಎಂದರೆ ತುಮಕೂರಿನಿಂದ ಹೊನ್ನಾವರ, 209 ಎಂದರೆ ಬೆಂಗಳೂರಿನಿಂದ ಕೊಳ್ಳೇಗಾಲದ ಮೇಲೆ ದಿಂಡಿಗಲ್, 218 ಎಂದರೆ ಹುಬ್ಬಳ್ಳಿ–ವಿಜಯಪುರ. ಆಸ್ಪತ್ರೆಯ ಟೋಕನ್ನಿನ ಹಾಗೆ, ಬಂದ ರಸ್ತೆಗೆ ಮುಂದಿನ ನಂಬರು.

ಹೊಸ ಪದ್ಧತಿಗೆ ಬೀಗದ ಕೈ ಒಂದಿದೆ. ಉತ್ತರ–ದಕ್ಷಿಣ ಓಡುವ ಮುಖ್ಯ ಹೆದ್ದಾರಿಗೆ ಸಮಸಂಖ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಅದು ಏರುತ್ತದೆ. ಪೂರ್ವ–ಪಶ್ಚಿಮ ಓಡುವುದಕ್ಕೆ ಬೆಸಸಂಖ್ಯೆ. ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರುತ್ತದೆ. ಈಶಾನ್ಯದ ಮೂಲೆಯಲ್ಲಿ 2, ಕೋಲ್ಕತ್ತಾದಿಂದ ಚೆನ್ನೈಗೆ ಪೂರ್ವ ಕರಾವಳಿಯಲ್ಲಿ 16, ಶ್ರೀನಗರದಿಂದ ಕನ್ಯಾಕುಮಾರಿಗೆ ದೇಶದ ನಡುಬೆನ್ನಾಗಿ 44, ನಮ್ಮ ಕಾರವಾರ–ಉಡುಪಿ–ಮಂಗಳೂರಿನ ಕಡಲಂಚಿನಲ್ಲಿ 66, ಇನ್ನೂ ಪಶ್ಚಿಮಕ್ಕೆ ಜೈಸಲ್ಮೇರಿನಲ್ಲಿ 68. ಬೆಸಸಂಖ್ಯೆ ಕಾಶ್ಮೀರದ ಉರಿಯಿಂದ ಲೇಹ್‌ಗೆ ಹೋಗುವ 1ರಲ್ಲಿ ಶುರುವಾಗಿ ರಾಮೇಶ್ವರದ 87ರವರೆಗೆ ಇಳಿಯುತ್ತದೆ. ಕರ್ನಾಟಕದಲ್ಲೇ ನೋಡಿ: ಹುಮನಾಬಾದಿನಲ್ಲಿ 65, ಹುಬ್ಬಳ್ಳಿ–ಗದಗ–ಹೊಸಪೇಟೆ–ಬಳ್ಳಾರಿ 67, ಚಾರ್ಮಾಡಿ ಘಾಟಿ 73, ಶಿರಾಡಿ ಘಾಟಿ 75.

ಆ ಶಿರಾಡಿಯ 75 ಎಂಬುದೇ ನಿಮ್ಮ ಅಪ್ಪನ ನಕ್ಷೆಯ 48. ಬಂಟ್ವಾಳದಿಂದ ಸಕಲೇಶಪುರ, ಹಾಸನ, ಕುಣಿಗಲ್, ನೆಲಮಂಗಲಕ್ಕೆ ಬಂದು, ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲಿನ ಮೇಲೆ ವೆಲ್ಲೂರಿಗೆ ಹೋಗುತ್ತದೆ. ಖಾಲಿಯಾದ 48 ಅನ್ನು ದೆಹಲಿಯಿಂದ ಜೈಪುರ, ಅಹಮದಾಬಾದ್, ಮುಂಬೈ, ಪುಣೆ, ಬೆಳಗಾವಿ, ದಾವಣಗೆರೆ, ಬೆಂಗಳೂರು ಹಾಯ್ದು ಚೆನ್ನೈ ಮುಟ್ಟುವ ಉದ್ದನೆಯ ಹೆದ್ದಾರಿಗೆ ಕೊಟ್ಟರು. ನೆಲಮಂಗಲದ ಪಾಲಿಗೆ ಮಾತ್ರ ಇದೊಂದು ತಮಾಷೆ: ಸಂಖ್ಯೆ ಊರು ಬಿಡಲಿಲ್ಲ, ಎಡಕ್ಕಿದ್ದದ್ದು ನೇರಕ್ಕೆ ಬಂತು.

ಹಾಗಂತ ಲೆಕ್ಕ ಎಲ್ಲ ಕಡೆ ಕೂಡಿ ಬರುತ್ತದೆ ಎಂದು ನಂಬಿ ಕೂರಬೇಡಿ. ಈ 48 ಬೆಂಗಳೂರಿನಿಂದ ಕೃಷ್ಣಗಿರಿಯವರೆಗೆ 44ರ ಬೆನ್ನೇರಿ ಹೋಗಿ, ಅಲ್ಲಿಂದ ಪೂರ್ವಕ್ಕೆ ಜಾರಿಕೊಳ್ಳುತ್ತದೆ. 44ಕ್ಕಿಂತ ಪಶ್ಚಿಮದಲ್ಲಿ ಇರಬೇಕಾದದ್ದು ಪೂರ್ವದಲ್ಲಿ! ವಿಜಯಪುರದ 50 ಕೂಡ ಬೆಳಗಾವಿಯ 48ಕ್ಕಿಂತ ಪೂರ್ವಕ್ಕೇ ಇದೆ. ಸಾವಿರಾರು ಕಿಲೋಮೀಟರ್ ಓಡುವ ರಸ್ತೆ ಅಂಕುಡೊಂಕಾಗದೆ ಇರುತ್ತದೆಯೇ? ಆದರೂ ಟೋಕನ್ ಪದ್ಧತಿಗಿಂತ ಇದು ವಾಸಿ ಎಂಬುದು, ಸಂಬಳ ಕಳೆದುಕೊಂಡ ಮೇಲೂ, ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮೂರಿನ ಮೇಲೆ ಹೋಗುವ ಬೆಂಗಳೂರು–ಮೈಸೂರು ಹೆದ್ದಾರಿ ಅಷ್ಟು ದೊಡ್ಡದು. ಅದಕ್ಕೆ 275 ಎಂಬ ಹಿಂದಿನ ಬೆಂಚಿನ ಸಂಖ್ಯೆ ಏಕೆ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಬೇಜಾರು ಮಾಡಿಕೊಳ್ಳಬೇಡಮ್ಮ, 275 ಎಂದರೆ ಇನ್ನೂರ ಎಪ್ಪತ್ತೈದನೆಯ ಸ್ಥಾನ ಅಂತಲ್ಲ. ಮೂರಂಕಿಯ ಹೆದ್ದಾರಿಯನ್ನು ಹಿಂದಿನಿಂದ ಓದಬೇಕು. ಉತ್ತರ ಕರ್ನಾಟಕದವರ ಹೆಸರಿನಲ್ಲಿ ಮನೆತನ ಕೊನೆಗೆ ಬರುವುದಿಲ್ಲವೇ, ಹಾಗೆ. ಕೊನೆಯ ಎರಡಂಕಿ ಮನೆತನ, ಮೊದಲಿನದು ಇಷ್ಟನೆಯ ಮಗು ಎಂಬ ಗುರುತು. ಅಂದರೆ ನಿಮ್ಮದು 75ರ ಕವಲು.

ಮೈಸೂರು ರಸ್ತೆಗೂ ಶಿರಾಡಿ ರಸ್ತೆಗೂ ಏನು ನಂಟು ಎಂದು ಕೇಳಬಹುದು. 275 ಮೈಸೂರಿಗೇ ಮುಗಿಯುವುದಿಲ್ಲ. ಹುಣಸೂರು, ಕುಶಾಲನಗರ, ಮಡಿಕೇರಿ ಹತ್ತಿ, ಸುಳ್ಯ, ಪುತ್ತೂರಿಗೆ ಇಳಿದು ಬಂಟ್ವಾಳದ ಹತ್ತಿರ 75ಕ್ಕೆ ಸೇರುತ್ತದೆ. ನಮ್ಮ ಆಫೀಸಿನಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದ ಸುದ್ದಿ ಬಂದ ದಿನ ಮಂಗಳೂರಿನ ಲೋಡನ್ನು ಮಡಿಕೇರಿ ಮೇಲೆ ಕಳಿಸುತ್ತಿದ್ದೆವು. ಮೊದಲು ಬೆಂಗಳೂರು–ಮೈಸೂರಿನ ಭಾಗ ರಾಜ್ಯ ಹೆದ್ದಾರಿ 17 ಆಗಿತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಕೂಡ ಇದೇ 275ರದ್ದು.

ಈ ಸೂತ್ರ ಹಿಡಿದು ಉಳಿದವನ್ನು ನೀನೇ ಬಿಡಿಸಬಹುದು. ಬೆಳಗಾವಿಯಿಂದ ಖಾನಾಪುರದ ಮೇಲೆ ಗೋವಾಕ್ಕೆ ಹೋಗುವುದು 748. ಕನಕಪುರ, ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಕೊಯಮತ್ತೂರಿಗೆ ಹೋಗುವುದು 948. ಎರಡೂ ಯಾರ ಮಕ್ಕಳು? ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ವಯನಾಡು ಹಾಯ್ದು ಕೋಯಿಕ್ಕೋಡ್‌ಗೆ ಇಳಿಯುವ 766ರ ತಾಯಿ ಕಡಲಂಚಿನಲ್ಲಿದ್ದಾಳೆ. ಆ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಗೇಟು ಮುಚ್ಚಿರುತ್ತದೆ, ಹೊತ್ತು ನೋಡಿ ಹೊರಡಿ.

ಪ್ರಶ್ನೆ: ನಾವು ಹುಟ್ಟಿದಾಗಿನಿಂದ ಕೇಳಿದ್ದು ಎನ್‌ಎಚ್ 4. ಆ 4 ಈಗ ಯಾವ ರಸ್ತೆಗಿದೆ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಸಮುದ್ರ ದಾಟಿದೆ ಸರ್! ಅಂಡಮಾನಿನ ಶ್ರೀ ವಿಜಯಪುರಂನಿಂದ (2024ರವರೆಗೆ ಅದರ ಹೆಸರು ಪೋರ್ಟ್ ಬ್ಲೇರ್) ಉತ್ತರಕ್ಕೆ ದಿಗ್ಲಿಪುರದ ಕಡೆ ಹೋಗುವ ಟ್ರಂಕ್ ರಸ್ತೆಯೇ ಇಂದಿನ 4. ಸಮಸಂಖ್ಯೆ ಪೂರ್ವದಿಂದ ಏರುವುದರಿಂದ, ಅಷ್ಟು ಪೂರ್ವದಲ್ಲಿರುವ ದ್ವೀಪಕ್ಕೆ ಅಷ್ಟು ಚಿಕ್ಕ ಸಂಖ್ಯೆ ಬಿತ್ತು. ನಿಮ್ಮೂರಿನವರು 4 ಎಂದದ್ದಕ್ಕಿಂತ ಪಿ.ಬಿ. ರೋಡ್ ಎಂದದ್ದೇ ಹೆಚ್ಚಲ್ಲವೇ? ಪೂನಾ–ಬೆಂಗಳೂರು ರಸ್ತೆ ಎಂಬ ಆ ಹೆಸರನ್ನು ಯಾವ ಅಧಿಸೂಚನೆಯೂ ಮುಟ್ಟಲಿಲ್ಲ. ನಮ್ಮ ಡ್ರೈವರುಗಳಂತೂ ಬಿಲ್ಟಿಯಲ್ಲಿ ಏನೇ ಇರಲಿ, “ಪೂನಾ ಲೈನಾ, ಬಳ್ಳಾರಿ ಲೈನಾ?” ಎಂದೇ ಕೇಳುತ್ತಿದ್ದರು.

ಪ್ರಶ್ನೆ: ಕಿಲೋಮೀಟರ್ ಕಲ್ಲಿನ ಬಣ್ಣ ನೋಡಿ ರಸ್ತೆ ಗುರುತಿಸಬಹುದೇ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಧಾರಾಳವಾಗಿ. ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಗೋಡೆ ಜಾಹೀರಾತಿನವರು ಮೇಲೆ ಸುಣ್ಣ ಬಳಿದಿದ್ದರೆ ಚಹಾ ಅಂಗಡಿಯಲ್ಲಿ ಕೇಳಿ.

ಪ್ರಶ್ನೆ: ಕುಮಟಾ–ಶಿರಸಿ ರಸ್ತೆಗೆ 766ಇ ಎಂದಿದೆ. ಈ ‘ಇ’ ಯಾವ ಲೆಕ್ಕ?
– ಓದುಗರೊಬ್ಬರು, ಶಿರಸಿ

ಉತ್ತರ: ಒಂದೇ ಮನೆಯಲ್ಲಿ ಮಕ್ಕಳು ಹೆಚ್ಚಾದರೆ ಎ, ಬಿ, ಸಿ ಎಂದು ಬಾಲ ಸೇರಿಸುತ್ತಾರೆ. ಬೈಂದೂರು–ಕೊಲ್ಲೂರು ಕಡೆಯದು 766ಸಿ, ನಿಮ್ಮದು 766ಇ. ಕುಮಟಾದಲ್ಲಿ 66 ಬಿಟ್ಟು, ದೇವಿಮನೆ ಘಟ್ಟ ಹತ್ತಿ, ಶಿರಸಿಯ ಮೇಲೆ ಹಾವೇರಿಗೆ ಬಂದು 48ಕ್ಕೆ ಕೂಡುತ್ತದೆ. ಅದು ಹೊಸ 48.